ಹಳೆಯ ಹಾಡು, ಸುತ್ತಲೂ ಸ್ಪೀಕರು: ಏರಿಳಿತ ಉಳಿಸುವ ಪ್ರಶ್ನೆ

ಚಾಮರಾಜನಗರ ಸೀಮೆಯವರಿಗೆ ಹಳೆಯ ಕನ್ನಡ ಚಿತ್ರಗೀತೆ ಎಂದರೆ ಮನೆಯ ಆಸ್ತಿ. ರಾಜ್‌ಕುಮಾರ್ ಹುಟ್ಟಿದ ಗಾಜನೂರು ಇಂದು ತಮಿಳುನಾಡಿಗೆ ಸೇರಿದ್ದರೂ ನಮ್ಮ ಗಡಿಗೆ ಅಂಟಿಕೊಂಡ ತಾಳವಾಡಿ ಸೀಮೆಯ ಕನ್ನಡದ ಊರು. ಅವರ ತಂದೆಯ ಹೆಸರಿನ ಹಿಂದಿದ್ದ ಸಿಂಗಾನಲ್ಲೂರು ಕೊಳ್ಳೇಗಾಲದ ಕಡೆಯ ಹಳ್ಳಿ. ಅವರ ಕಪ್ಪು ಬಿಳುಪು ಚಿತ್ರಗಳು ಬಣ್ಣ ತುಂಬಿಕೊಂಡು, ಹೊಸ ಸದ್ದು ಕಟ್ಟಿಕೊಂಡು ಮತ್ತೆ ತೆರೆಗೆ ಬಂದಾಗ ಇಲ್ಲಿನವರು ಸುಮ್ಮನೆ ನೋಡಿ ಬರಲಿಲ್ಲ, ಕಿವಿಗೊಟ್ಟು ಕೇಳಿಯೂ ಬಂದರು. ಹೊರಗೆ ಬಂದವರ ಬಾಯಲ್ಲಿ ಎರಡು ಮಾತು: ‘ಸೌಂಡು ಸಂದಾಗದ’ ಅನ್ನುವವರು ಕೆಲವರು, ‘ಹಾಡು ಮೊದ್ಲಂಗಿಲ್ಲ’ ಅನ್ನುವವರು ಕೆಲವರು. ಎಷ್ಟೋ ಸಲ ಎರಡನ್ನೂ ಒಬ್ಬರೇ ಹೇಳುತ್ತಾರೆ.

ಈ ಎರಡು ಮಾತಿನ ನಡುವೆ ಜಗತ್ತಿನ ಧ್ವನಿ ತಂತ್ರಜ್ಞರು ಅರ್ಧ ಶತಮಾನದಿಂದ ವಾದಿಸುತ್ತಿರುವ ಪ್ರಶ್ನೆಯೊಂದಿದೆ. ಹಳೆಯ ಜನಪ್ರಿಯ ಸಂಗೀತವನ್ನು ಸರೌಂಡ್‌ಗೆ, ಅಂದರೆ ಕೇಳುಗನ ಸುತ್ತ ಇಟ್ಟ ಹಲವು ಸ್ಪೀಕರುಗಳಿಗೆ, ಹೊಸದಾಗಿ ಹೊಂದಿಸುವಾಗ ಅದರ ಮೆಲುದನಿ ಮತ್ತು ಏರುದನಿಯ ಅಂತರವನ್ನು ಎಷ್ಟು ಉಳಿಸಬೇಕು, ಎಷ್ಟು ಒತ್ತಿ ಸಮ ಮಾಡಬಹುದು? ಅದನ್ನು ತೀರ್ಮಾನಿಸುವವರು ಯಾರು? ಈ ಪ್ರಶ್ನೆಗೆ ಬಂದಿರುವ ಮುಖ್ಯ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಇಟ್ಟು ನೋಡಿದ್ದೇನೆ. ಕನ್ನಡದ ಹಾಡುಗಳಿಗೆ ಅವು ಎಷ್ಟರ ಮಟ್ಟಿಗೆ ಒಪ್ಪುತ್ತವೆ ಎಂಬುದೇ ನನ್ನ ಮುಖ್ಯ ಕಾಳಜಿ.

ಏರಿಳಿತ ಎಂದರೇನು, ಒತ್ತುವುದು ಎಂದರೇನು

ಒಂದು ಧ್ವನಿಮುದ್ರಣದ ಅತಿ ಮೆಲ್ಲನೆಯ ಸದ್ದಿಗೂ ಅತಿ ಜೋರಿನ ಸದ್ದಿಗೂ ಇರುವ ಅಂತರಕ್ಕೆ ಡೈನಾಮಿಕ್ ರೇಂಜ್ ಎನ್ನುತ್ತಾರೆ. ಅಳತೆ ಡೆಸಿಬೆಲ್‌ನಲ್ಲಿ. ಸಿ.ಡಿ.ಯ 16 ಬಿಟ್ ಧ್ವನಿ ಸುಮಾರು 96 ಡೆಸಿಬೆಲ್‌ನಷ್ಟು ಅಂತರವನ್ನು ಹಿಡಿಯಬಲ್ಲದು. ಮಾಮೂಲಿ ಕ್ಯಾಸೆಟ್ ಹಿಡಿಯುತ್ತಿದ್ದದ್ದು ಸುಮಾರು 50ರಿಂದ 55. ಈ ಅಂತರವನ್ನು ಬೇಕೆಂದೇ ಕಡಿಮೆ ಮಾಡುವ ಉಪಕರಣ ಕಂಪ್ರೆಸರ್. ಅದರ ಕಟ್ಟುನಿಟ್ಟಿನ ರೂಪ ಲಿಮಿಟರ್.

ಕಂಪ್ರೆಸರ್ ಏನು ಮಾಡುತ್ತದೆ ಎಂಬುದನ್ನು ನಮ್ಮ ಕಂಸಾಳೆಯಿಂದಲೇ ತಿಳಿಯಬಹುದು. ದೇವರ ಗುಡ್ಡರು ಮಾದಪ್ಪನ ಕಥೆ ಹಾಡುವಾಗ ಎಡಗೈಯಲ್ಲಿ ಬಟ್ಟಲಿನಂಥ ತಾಳ, ಬಲಗೈಯಲ್ಲಿ ಗೊಂಡೆ ಕಟ್ಟಿದ ಚಪ್ಪಟೆ ತಾಳ. ಕಂಚಿಗೆ ಕಂಚು ತಾಗಿದ ಕ್ಷಣ ಸದ್ದು ಕಣ್ಣುಮಿಟುಕುವುದರೊಳಗೆ ತುದಿ ಮುಟ್ಟುತ್ತದೆ, ಆಮೇಲೆ ಕಂಪಿಸುತ್ತ ನಿಧಾನಕ್ಕೆ ಇಳಿಯುತ್ತದೆ. ಮುದ್ರಣದಲ್ಲಿ ಆ ಏಟಿನ ತುದಿ ಮೈನಸ್ 4 ಡೆಸಿಬೆಲ್‌ನಲ್ಲಿ, ಹಾಡುಗಾರನ ದನಿ ಮೈನಸ್ 20ರಲ್ಲಿ, ಹಿಂದಿನ ಶ್ರುತಿ ಮೈನಸ್ 32ರಲ್ಲಿ ಇದೆ ಎಂದುಕೊಳ್ಳೋಣ. ಕಂಪ್ರೆಸರಿಗೆ ‘ಮೈನಸ್ 20 ದಾಟಿದ್ದನ್ನು ನಾಲ್ಕರಲ್ಲಿ ಒಂದಕ್ಕೆ ಇಳಿಸು’ ಎಂದು ಹೇಳಿದರೆ, 16 ಡೆಸಿಬೆಲ್ ಮೇಲೆದ್ದಿದ್ದ ಏಟು 4 ಡೆಸಿಬೆಲ್ ಮಾತ್ರ ಮೇಲೆದ್ದು ಮೈನಸ್ 16ಕ್ಕೆ ನಿಲ್ಲುತ್ತದೆ. ಆಮೇಲೆ ಎಲ್ಲವನ್ನೂ 12 ಡೆಸಿಬೆಲ್ ಎತ್ತಿದರೆ ಏಟು ಮತ್ತೆ ಮೈನಸ್ 4ಕ್ಕೆ, ದನಿ ಮೈನಸ್ 8ಕ್ಕೆ, ಶ್ರುತಿ ಮೈನಸ್ 20ಕ್ಕೆ ಬರುತ್ತವೆ. ಏಟಿಗೂ ದನಿಗೂ 16 ಡೆಸಿಬೆಲ್ ಇದ್ದ ಅಂತರ 4ಕ್ಕೆ ಇಳಿದಿದೆ. ತುದಿ ಏರಿಲ್ಲ, ಆದರೂ ಕಿವಿಗೆ ಒಟ್ಟು ಸದ್ದು ತುಂಬಾ ಜೋರು.

ಇಷ್ಟರಲ್ಲೇ ಎರಡು ತೊಡಕು ಕಾಣುತ್ತವೆ. ಉಪಕರಣ ಎಷ್ಟು ಬೇಗ ಕೆಲಸಕ್ಕೆ ಇಳಿಯಬೇಕು ಎಂಬುದು ಮೊದಲನೆಯದು. ತಡ ಮಾಡಿದರೆ ಏಟಿನ ಮೊನೆ ತಪ್ಪಿಸಿಕೊಂಡು ಹೋಗುತ್ತದೆ, ಅವಸರ ಮಾಡಿದರೆ ಕಂಚಿನ ಖಣಖಣ ಸತ್ತು ತಟ್ಟೆ ಬಡಿದಂತಾಗುತ್ತದೆ. ಎರಡನೆಯ ತೊಡಕು ದೊಡ್ಡದು. ದನಿ, ತಾಳ, ಶ್ರುತಿ ಮೂರೂ ಒಂದೇ ಟ್ರ್ಯಾಕಿನಲ್ಲಿದ್ದರೆ ತಾಳ ತಾಗಿದಾಗಲೆಲ್ಲ ದನಿಯೂ ಶ್ರುತಿಯೂ ಅದರೊಡನೆ ತಗ್ಗಿ, ಮತ್ತೆ ಮೇಲೇಳುತ್ತವೆ. ಹಾಡು ಉಸಿರುಗಟ್ಟಿ ಏದುತ್ತಿರುವಂತೆ ಕೇಳುತ್ತದೆ. ಧ್ವನಿ ಸ್ಟುಡಿಯೋದವರು ಇದಕ್ಕೆ ಪಂಪಿಂಗ್ ಎನ್ನುತ್ತಾರೆ. ನಮ್ಮ ಹಳೆಯ ಚಿತ್ರಗೀತೆಗಳೆಲ್ಲ ಹೆಚ್ಚುಕಡಿಮೆ ಒಂದೇ ಟ್ರ್ಯಾಕಿನವು ಎಂಬುದನ್ನು ನೆನಪಿಟ್ಟುಕೊಂಡೇ ಮುಂದಿನದನ್ನು ಓದಬೇಕು.

ಹೊರಗಿನ ಜಗತ್ತಿನಲ್ಲಿ ನಡೆದದ್ದು

ಸುತ್ತಲ ಸದ್ದಿನ ಆಸೆ ಹೊಸದಲ್ಲ. 1970ರ ದಶಕದ ಮೊದಲಲ್ಲೇ ನಾಲ್ಕು ಮೂಲೆಗೆ ನಾಲ್ಕು ಸ್ಪೀಕರಿನ ಕ್ವಾಡ್ರಫೋನಿಕ್ ಬಂತು. ಪಿಂಕ್ ಫ್ಲಾಯ್ಡ್ ತಂಡದ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ (1973) ಆಲ್ಬಮ್ಮಿಗೆ ಅಲನ್ ಪಾರ್ಸನ್ಸ್ ಮಾಡಿದ ಕ್ವಾಡ್ ಮಿಕ್ಸ್ ಆ ಕಾಲದ್ದು. ಒಂದಕ್ಕೊಂದು ಹೊಂದದ ಹಲವು ತಾಂತ್ರಿಕ ಮಾದರಿಗಳ ಜಗಳದಲ್ಲಿ ಕ್ವಾಡ್ ಆ ದಶಕದೊಳಗೇ ಮಂಕಾಯಿತು. 1999ರಲ್ಲಿ ಎಸ್‌ಎಸಿಡಿ, 2000ದಲ್ಲಿ ಡಿವಿಡಿ ಆಡಿಯೋ ಎಂಬ ಡಿಸ್ಕುಗಳು ಬಂದ ಮೇಲೆ 5.1ರ, ಅಂದರೆ ಐದು ಸ್ಪೀಕರು ಮತ್ತು ಒಂದು ಬಾಸ್ ಪೆಟ್ಟಿಗೆಯ, ಸರೌಂಡ್ ಸಂಗೀತ ಮನೆಗೆ ಇಳಿಯಿತು. ಅದೇ ಪಿಂಕ್ ಫ್ಲಾಯ್ಡ್ ಆಲ್ಬಮ್ಮನ್ನು 2003ರಲ್ಲಿ ಜೇಮ್ಸ್ ಗಥ್ರಿ 5.1ಕ್ಕೆ ತಂದರು. 2009ರಿಂದ ಸ್ಟೀವನ್ ವಿಲ್ಸನ್ ಕಿಂಗ್ ಕ್ರಿಮ್ಸನ್ ತಂಡದ ಹಳೆಯ ಆಲ್ಬಮ್ಮುಗಳನ್ನು, ದನಿ ವಾದ್ಯಗಳು ಬೇರೆ ಬೇರೆ ಎಳೆಯಲ್ಲಿರುವ ಮೂಲ ಮಲ್ಟಿಟ್ರ್ಯಾಕ್ ಟೇಪಿನಿಂದ ಸರೌಂಡ್‌ಗೆ ಕಟ್ಟತೊಡಗಿದರು. 2012ರಲ್ಲಿ ಚಿತ್ರಮಂದಿರಕ್ಕೆ ಬಂದ ಡಾಲ್ಬಿ ಅಟ್ಮೋಸ್, 2021ರ ಜೂನ್‌ನಲ್ಲಿ ಆಪಲ್ ಮ್ಯೂಸಿಕ್ ಮೂಲಕ ಇಯರ್‌ಫೋನಿಗೂ ಬಂತು.

ಇದರ ಪಕ್ಕದಲ್ಲೇ ಇನ್ನೊಂದು ಕಥೆ ಸಾಗಿತ್ತು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಗೆ ದೊಡ್ಡ ಏರಿಳಿತ ಹಿಡಿಯುವ ಶಕ್ತಿ ಇತ್ತು. ಆದರೆ 1990ರ ದಶಕದಿಂದ ಕಂಪನಿಗಳು ತಮ್ಮ ಹಾಡು ಪಕ್ಕದವರ ಹಾಡಿಗಿಂತ ಜೋರಾಗಿ ಕೇಳಬೇಕೆಂದು ಒತ್ತುತ್ತ ಹೋದವು. ಇದನ್ನು ಲೌಡ್‌ನೆಸ್ ವಾರ್ ಎಂದು ಕರೆದರು. 2008ರಲ್ಲಿ ಮೆಟಾಲಿಕಾ ತಂಡದ ‘ಡೆತ್ ಮ್ಯಾಗ್ನೆಟಿಕ್’ ಬಂದಾಗ, ಅದರ ಸಿ.ಡಿ.ಗಿಂತ ‘ಗಿಟಾರ್ ಹೀರೋ’ ವಿಡಿಯೋ ಆಟದಲ್ಲಿ ಸೇರಿಸಿದ್ದ ರೂಪವೇ ಕಡಿಮೆ ಒತ್ತಿದ್ದು ಎಂದು ಕೇಳುಗರೇ ಕಂಡುಹಿಡಿದರು. ಸರೌಂಡ್ ಈ ಯುದ್ಧದಿಂದ ಹೊರಗುಳಿದ ಆಸರೆ ಎಂದು ನಂಬಿದವರಿದ್ದರು. ಆದರೆ 2007ರಿಂದ ನಿಕ್ ಡೇವಿಸ್ ಕೈಯಲ್ಲಿ ಜೆನೆಸಿಸ್ ತಂಡದ ಹಳೆಯ ಆಲ್ಬಮ್ಮುಗಳು 5.1ಕ್ಕೆ ಬಂದಾಗ, ಇವೂ ಅತಿ ಜೋರು ಎಂಬ ಆಕ್ಷೇಪ ಎದ್ದಿತು. ಸ್ಪೀಕರು ಹೆಚ್ಚಿದ ಮಾತ್ರಕ್ಕೆ ಒತ್ತುವ ಚಾಳಿ ತಪ್ಪುವುದಿಲ್ಲ ಎಂಬುದು ಅಲ್ಲಿಗೆ ಸ್ಪಷ್ಟವಾಯಿತು.

ಕನ್ನಡದ ಹಾಡು ಬಂದ ದಾರಿ

ಕನ್ನಡದ ದಾರಿಯೇ ಬೇರೆ. 1960 ಮತ್ತು 70ರ ದಶಕದ ನಮ್ಮ ಚಿತ್ರಗೀತೆಗಳಲ್ಲಿ ಬಹುಪಾಲು ಮದ್ರಾಸಿನ ಸ್ಟುಡಿಯೋಗಳಲ್ಲಿ ಮುದ್ರಣಗೊಂಡವು. ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದ್ದು 80ರ ದಶಕದಲ್ಲಿ. ಮದ್ರಾಸಿನ ಪದ್ಧತಿಯಲ್ಲಿ ವಾದ್ಯವೃಂದವೂ ಗಾಯಕರೂ ಒಟ್ಟಿಗೆ ಕೂತು, ಕೆಲವೇ ಮೈಕುಗಳ ಮುಂದೆ ಹಾಡನ್ನು ಆದಿಯಿಂದ ಅಂತ್ಯದವರೆಗೆ ಒಂದೇ ಉಸಿರಿಗೆ ಮುಗಿಸುತ್ತಿದ್ದರು. ಪಿಟೀಲಿನವರು ಎಲ್ಲಿ ಕೂರಬೇಕು, ತಬಲಾ ಮೈಕಿನಿಂದ ಎಷ್ಟು ದೂರ ಇರಬೇಕು ಎಂದು ನಿರ್ಧರಿಸಿದರೆ ಅದೇ ಮಿಕ್ಸಿಂಗ್. ಕೊನೆಗೆ ಉಳಿದದ್ದು ಮೋನೋ, ಅಂದರೆ ಒಂದೇ ಎಳೆ. ಅದು ಫಿಲ್ಮಿನ ಅಂಚಿನ ಆಪ್ಟಿಕಲ್ ಟ್ರ್ಯಾಕಿಗೆ ಇಳಿದಾಗ ಮೇಲಿನ ಸ್ವರಗಳೂ ಒಂದಷ್ಟು ಏರಿಳಿತವೂ ಕಳೆದುಹೋಗುತ್ತಿದ್ದವು. ಆಮೇಲೆ ಗ್ರಾಮಫೋನ್ ತಟ್ಟೆ, ಕ್ಯಾಸೆಟ್, ಸಿ.ಡಿ., ಮೊಬೈಲಿನ ಫೈಲು. ಪ್ರತಿ ಮೆಟ್ಟಿಲಲ್ಲೂ ಯಾರೋ ಒಬ್ಬರು ಒಂದಿಷ್ಟು ಒತ್ತಿದ್ದಾರೆ. ಕ್ಯಾಸೆಟ್ ಕಾಲದಲ್ಲಿ ಹಿಂದಿಯ ಹಳೆಯ ಹಾಡಿಗೆ ಹೊಸ ತಾಳ ಕೂಡಿಸುವ ಝಂಕಾರ್ ಬೀಟ್ಸ್ ಎಂಬ ಪದ್ಧತಿಯೂ ಹುಟ್ಟಿಕೊಂಡಿತ್ತು.

ಹೊಸ ಸದ್ದಿನ ಮರುಬಿಡುಗಡೆಗೆ ಮೇಲ್ಪಂಕ್ತಿ ಹಾಕಿದ್ದು ಹಿಂದಿಯ ‘ಮುಘಲ್-ಎ-ಆಝಂ’. 1960ರ ಆ ಚಿತ್ರ 2004ರಲ್ಲಿ ಬಣ್ಣದಲ್ಲಿ ಬಂದಾಗ, ಸಂಗೀತ ನಿರ್ದೇಶಕ ನೌಶಾದ್ ಇನ್ನೂ ಬದುಕಿದ್ದರು. ಉತ್ತಮ್ ಸಿಂಗ್ ಅವರ ನೆರವಿನೊಂದಿಗೆ, ಮೂಲ ಗಾಯಕರ ದನಿಯನ್ನು ಉಳಿಸಿಕೊಂಡು ಸಂಗೀತವನ್ನು ಡಾಲ್ಬಿ ಡಿಜಿಟಲ್‌ಗೆ ಹೊಂದಿಸಿದರು. ಕನ್ನಡದಲ್ಲಿ ‘ಸತ್ಯ ಹರಿಶ್ಚಂದ್ರ’ (1965) 2008ರಲ್ಲಿ ಬಣ್ಣಕ್ಕೆ ಬಂತು. ‘ಕಸ್ತೂರಿ ನಿವಾಸ’ (1971) 2014ರ ನವೆಂಬರ್ 7ರಂದು ಬಂತು. ‘ನಾಗರಹಾವು’ (1972) 2018ರ ಜುಲೈ 20ರಂದು ಡಿಜಿಟಲ್ ರೂಪದಲ್ಲಿ ಮರಳಿ ತೆರೆ ಕಂಡಿತು. ಆದರೆ ಹರಿಶ್ಚಂದ್ರಕ್ಕೆ ಸಂಗೀತ ಕೊಟ್ಟ ಪೆಂಡ್ಯಾಲ ನಾಗೇಶ್ವರರಾವ್, ಕಸ್ತೂರಿ ನಿವಾಸದ ಜಿ.ಕೆ. ವೆಂಕಟೇಶ್, ನಾಗರಹಾವಿನ ವಿಜಯಭಾಸ್ಕರ್, ಈ ಮೂವರಲ್ಲಿ ಯಾರೂ ತಮ್ಮ ಚಿತ್ರ ಹೊಸ ರೂಪದಲ್ಲಿ ಬರುವ ಹೊತ್ತಿಗೆ ಉಳಿದಿರಲಿಲ್ಲ. ‘ಇಲ್ಲಿ ಪಿಟೀಲು ಮೆಲ್ಲಗೆ ಇರಲಿ’ ಎಂದು ಹೇಳುವ ಅಧಿಕಾರವಿದ್ದವರು ಇರಲಿಲ್ಲ. ನಮ್ಮ ಚರ್ಚೆ ನೌಶಾದರ ಉದಾಹರಣೆಯಿಂದ ಬೇರೆಯಾಗುವುದು ಈ ಕಾರಣಕ್ಕೆ.

ಮೋನೋ ಹಾಡನ್ನು ಸರೌಂಡ್ ಮಾಡಲು ಮೂರೇ ದಾರಿ. ಒಂದು, ಒಂದೇ ಎಳೆಯನ್ನು ಸ್ವರದ ಎತ್ತರ ತಗ್ಗಿಗೆ ತಕ್ಕಂತೆ ಸೀಳಿ, ತುಸು ತಡ ಮಾಡಿ, ಬೇರೆ ಬೇರೆ ಸ್ಪೀಕರಿಗೆ ಹಂಚುವುದು. ಎರಡು, ದನಿಯನ್ನು ಉಳಿಸಿಕೊಂಡು ವಾದ್ಯಗಳನ್ನು ಹೊಸದಾಗಿ ನುಡಿಸುವುದು. ಮೂರು, ಕಂಪ್ಯೂಟರಿಗೆ ಕಲಿಸಿ ದನಿ, ತಬಲಾ, ಪಿಟೀಲುಗಳನ್ನು ಒಂದರಿಂದ ಒಂದು ಬಿಡಿಸಿ ತೆಗೆಯುವುದು. ಪೀಟರ್ ಜಾಕ್ಸನ್ ಬಳಗ ಬೀಟಲ್ಸ್ ಸಾಕ್ಷ್ಯಚಿತ್ರಕ್ಕಾಗಿ ರೂಪಿಸಿದ ಈ ತಂತ್ರದಿಂದಲೇ ಜೈಲ್ಸ್ ಮಾರ್ಟಿನ್ 2022ರಲ್ಲಿ ‘ರಿವಾಲ್ವರ್’ ಆಲ್ಬಮ್ಮಿನ ಹೊಸ ಮಿಕ್ಸ್ ಮಾಡಿದರು.

ಮೊದಲ ಪಂಥ: ಮೂಲದ ಏರಿಳಿತವೇ ಹಾಡು

ಒತ್ತಬಾರದು ಎನ್ನುವವರ ವಾದ ಸರಳ. ಹಾಡಿನ ಭಾವ ಏರಿಳಿತದಲ್ಲೇ ಇದೆ. ಪಿ.ಬಿ. ಶ್ರೀನಿವಾಸ್ ದನಿ ಮೈಕಿನ ಹತ್ತಿರ ಪಿಸುಗುಟ್ಟಿದಂತೆ ಇಳಿದು, ಚರಣದ ಕೊನೆಗೆ ಅರಳುತ್ತದೆ. ಆ ಇಳಿತವನ್ನು ಎತ್ತಿ ಸಮ ಮಾಡಿದರೆ ಅರಳುವುದಕ್ಕೆ ಜಾಗವೇ ಇರುವುದಿಲ್ಲ. ಗುಬ್ಬಿ ಕಂಪನಿಯ ರಂಗದ ಮೇಲೆ ಪಳಗಿ, 1974ರ ‘ಸಂಪತ್ತಿಗೆ ಸವಾಲ್’ನಿಂದ ತಮ್ಮ ಪಾತ್ರಗಳಿಗೆ ತಾವೇ ನಿಯಮಿತವಾಗಿ ಹಾಡತೊಡಗಿದ ರಾಜ್‌ಕುಮಾರ್ ದನಿಯ ಕಸು ಇರುವುದು ಅದು ಮೇಲೇಳುವ ರೀತಿಯಲ್ಲಿ. ಮೇಲೆದ್ದದ್ದನ್ನು ತಲೆ ಮೊಟಕಿ ಕೂರಿಸಿದರೆ ಆ ಕಸು ಅಲ್ಲಿಗೆ ಮುಗಿಯಿತು.

ಈ ಪಂಥಕ್ಕೆ ಪ್ರಯೋಗದ ಬೆಂಬಲವೂ ಇದೆ. ಕ್ರೋಗನ್, ಅರೆಹಾರ್ಟ್ ಮತ್ತು ಕೇಟ್ಸ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಲ್ಲ ಮಾದರಿಗಳ ಜೋರನ್ನು ಸಮ ಮಾಡಿ ಕೇಳಿಸಿದಾಗ ಅತಿಯಾಗಿ ಒತ್ತಿದ್ದನ್ನು ಕೇಳುಗರು ಕೆಳಗಿನ ಸ್ಥಾನಕ್ಕೆ ತಳ್ಳಿದರು. ಒತ್ತಿದ ಹಾಡು ಚೆನ್ನ ಅನ್ನಿಸುವುದು ಅದು ಜೋರಾಗಿರುವ ತನಕ. ಪಕ್ಕದಲ್ಲಿಟ್ಟು ಸಮ ತೂಗಿದರೆ ಮೋಡಿ ಕರಗುತ್ತದೆ. ಸ್ಟೀವನ್ ವಿಲ್ಸನ್ ತಮ್ಮ ಮಿಕ್ಸ್‌ಗಳನ್ನು ಮುಂದಿನ ಹಂತದಲ್ಲಿ ಮತ್ತೆ ಒತ್ತದೆ ಇದ್ದಂತೆಯೇ ಕೊಡಲು ಒಲವು ತೋರುವುದೂ ಈ ನಂಬಿಕೆಯಿಂದಲೇ.

ಈ ಪಂಥದ ದುರ್ಬಲ ಜಾಗ ಒಂದಿದೆ. ‘ಮೂಲ’ ಯಾವುದು? ಸ್ಟುಡಿಯೋದ ಮ್ಯಾಗ್ನೆಟಿಕ್ ಟೇಪೇ, ಚಿತ್ರಮಂದಿರದಲ್ಲಿ ಕೇಳಿದ ಆಪ್ಟಿಕಲ್ ಟ್ರ್ಯಾಕೇ, ಮನೆಯಲ್ಲಿ ಕೇಳಿದ ತಟ್ಟೆಯೇ? ಮೂರರ ಏರಿಳಿತವೂ ಬೇರೆ ಬೇರೆ. 1971ರಲ್ಲಿ ಚಿತ್ರ ನೋಡಿದವರು ಕೇಳಿದ್ದು ಆಗಲೇ ಒತ್ತಿ ಇಳಿಸಿದ್ದನ್ನು.

ಎರಡನೆಯ ಪಂಥ: ಒತ್ತುವುದೂ ಕಲೆಯ ಭಾಗ

ಇವರು ಚರಿತ್ರೆಯ ಕಡೆ ಬೆರಳು ತೋರಿಸುತ್ತಾರೆ. 1966ರ ಹೊತ್ತಿಗೆ ಅಬ್ಬೆ ರೋಡ್ ಸ್ಟುಡಿಯೋದಲ್ಲಿ ಜೆಫ್ ಎಮರಿಕ್ ಬೀಟಲ್ಸ್ ತಂಡದ ಡ್ರಮ್ಮನ್ನು ಫೇರ್‌ಚೈಲ್ಡ್ 660 ಲಿಮಿಟರಿನಿಂದ ಹಿಂಡಿದ್ದು ಜೋರು ಮಾಡುವ ಆಸೆಗಲ್ಲ. ಹಿಂಡಿದಾಗ ಬಂದ ಆ ದಪ್ಪ, ಉಸಿರಾಡುವ ಸದ್ದೇ ಅವರಿಗೆ ಬೇಕಿತ್ತು. ಅಂಥ ಹಾಡನ್ನು ಬಿಡಿ ಟ್ರ್ಯಾಕುಗಳಿಂದ ಮತ್ತೆ ಕಟ್ಟುವಾಗ ‘ಏರಿಳಿತ ಉಳಿಸುತ್ತೇನೆ’ ಎಂದು ಹೊರಟರೆ ಹಾಡು ಬಿಡಿಬಿಡಿಯಾಗಿ ಚೆಲ್ಲಿಹೋಗುತ್ತದೆ. ಎಲ್ಲ ವಾದ್ಯಗಳೂ ಒಂದೇ ಕಂಪ್ರೆಸರಿನ ಮೂಲಕ ಹಾದಾಗ ಒಂದಕ್ಕೊಂದು ತಗ್ಗಿ ಬಗ್ಗಿ ಸಿಗುವ ಒಗ್ಗಟ್ಟನ್ನು ಆರು ಬೇರೆ ಬೇರೆ ಚಾನೆಲ್‌ಗಳಲ್ಲಿ ಮರಳಿ ತರುವುದು ಸುಲಭವಲ್ಲ.

ನಮ್ಮಲ್ಲಿಯೂ ಇದಕ್ಕೆ ಸಮನಾದದ್ದು ಇತ್ತು. ಅನುಭವಿ ಗಾಯಕರು ತಾರಸ್ಥಾಯಿಗೆ ಹೋಗುವಾಗ ಮೈಕಿನಿಂದ ಅರ್ಧ ಹೆಜ್ಜೆ ಹಿಂದೆ ಸರಿಯುತ್ತಿದ್ದರು, ಮೆಲುದನಿಗೆ ಮುಂದೆ ಬಾಗುತ್ತಿದ್ದರು. ಮುದ್ರಣಕಾರ ಹಾಡಿನ ಸಾಲು ನೋಡುತ್ತ ಕೈಯಿಂದಲೇ ಮಟ್ಟವನ್ನು ಏರಿಸಿ ಇಳಿಸುತ್ತಿದ್ದ. ಇದೂ ಒತ್ತುವಿಕೆಯೇ. ವ್ಯತ್ಯಾಸ ಇಷ್ಟೆ: ಹಾಡಿನ ಅರ್ಥ ಗೊತ್ತಿದ್ದ ಮನುಷ್ಯರು ಅದನ್ನು ಮಾಡುತ್ತಿದ್ದರು.

ಪ್ರಯೋಗಗಳೂ ಈ ಪಂಥದ ಕಡೆಗೆ ಒಂದಿಷ್ಟು ವಾಲುತ್ತವೆ. ಯೋರ್ಟ್‌ಕ್ಯಾರ್ ಮತ್ತು ವಾಲ್ಥರ್-ಹಾನ್ಸೆನ್ 2014ರಲ್ಲಿ, ಹೆಚ್ಚು ಒತ್ತಿದ ಮತ್ತು ಕಡಿಮೆ ಒತ್ತಿದ ಅಂತಿಮ ಪ್ರತಿಗಳನ್ನು ಸಮ ಜೋರಿನಲ್ಲಿ ಕೇಳಿಸಿದಾಗ, ಕಡಿಮೆ ಒತ್ತಿದ್ದರ ಕಡೆಗೆ ಸ್ಪಷ್ಟ ಒಲವು ಕಾಣಲಿಲ್ಲ. 2012ರ ಫಲಿತಾಂಶದ ಪಕ್ಕ ಇದನ್ನಿಟ್ಟರೆ ಒಂದು ತಿಳಿಯುತ್ತದೆ. ಅತಿಯಾದಾಗ ಕಿವಿ ತಿರಸ್ಕರಿಸುತ್ತದೆ, ಮಿತಿಯಲ್ಲಿದ್ದರೆ ಬಹುತೇಕರಿಗೆ ಗೊತ್ತೇ ಆಗುವುದಿಲ್ಲ. ಆ ಮಿತಿ ಎಲ್ಲಿದೆ ಎಂಬುದೇ ಜಗಳ.

ಮೂರನೆಯ ಪಂಥ: ಜಾಗ ಸಿಕ್ಕರೆ ಒತ್ತುವ ಅಗತ್ಯವೇ ಇಲ್ಲ

ಸರೌಂಡ್ ತಂತ್ರಜ್ಞರ ಸ್ವಂತ ವಾದ ಇದು, ನನಗೆ ಅತ್ಯಂತ ಭರವಸೆಯದ್ದಾಗಿ ಕಂಡದ್ದೂ ಇದೇ. ಒಂದೇ ಸ್ಪೀಕರಿನಲ್ಲಿ ಹತ್ತು ವಾದ್ಯ ತುಂಬಿದರೆ ಒಂದು ಇನ್ನೊಂದನ್ನು ಮುಚ್ಚುತ್ತದೆ. ಕೊಳಲು ಕೇಳಲಿ ಎಂದು ಎತ್ತಬೇಕು, ಆಗ ತಬಲಾ ಮುಳುಗುತ್ತದೆ, ಅದನ್ನೂ ಎತ್ತಬೇಕು. ಕೊನೆಗೆ ಎಲ್ಲವನ್ನೂ ಒತ್ತದೆ ದಾರಿಯಿಲ್ಲ. ಬೇರೆ ಬೇರೆ ದಿಕ್ಕಿನಿಂದ ಬಂದ ಸದ್ದುಗಳನ್ನು ನಮ್ಮ ಎರಡು ಕಿವಿಗಳು ತಾವೇ ಬಿಡಿಸಿಕೊಳ್ಳುತ್ತವೆ. ಜನಜಂಗುಳಿಯಲ್ಲೂ ಒಬ್ಬರ ಮಾತನ್ನು ಹಿಡಿದು ಕೇಳುವ ಈ ಶಕ್ತಿಯನ್ನು ಕಾಲಿನ್ ಚೆರಿ 1953ರಲ್ಲೇ ಪ್ರಯೋಗದಿಂದ ಪರಿಶೀಲಿಸಿದ್ದರು.

ಲೆಕ್ಕವೂ ಈ ವಾದದ ಪರ. ಸಮ ಬಲದ, ಒಂದಕ್ಕೊಂದು ಸಂಬಂಧವಿಲ್ಲದ ಸದ್ದನ್ನು ಐದು ಸ್ಪೀಕರು ಹೊರಡಿಸಿದರೆ ಒಟ್ಟು ಮಟ್ಟ ಒಂದೇ ಸ್ಪೀಕರಿಗಿಂತ ಸುಮಾರು 7 ಡೆಸಿಬೆಲ್ ಏರುತ್ತದೆ. ಅಂದರೆ ಒಟ್ಟು ಜೋರು ಅಷ್ಟೇ ಇರಬೇಕೆಂದರೆ ಪ್ರತಿ ಚಾನೆಲ್ಲನ್ನೂ 7 ಡೆಸಿಬೆಲ್ ತಗ್ಗಿಸಬಹುದು. ಉಳಿದ ಆ ಜಾಗದಲ್ಲಿ ತಾಳದ ಏಟು ನಿರಾಳವಾಗಿ ಚಿಮ್ಮಬಹುದು. ಕಂಸಾಳೆಯವರು ಜಾತ್ರೆಯಲ್ಲಿ ಸುತ್ತುಗಟ್ಟಿ ಕುಣಿಯುವಾಗ, ಚಿಕ್ಕಲ್ಲೂರಿನಲ್ಲಿ ನೀಲಗಾರರು ತಂಬೂರಿ, ಗಗ್ಗರ ಹಿಡಿದು ಮಂಟೇಸ್ವಾಮಿ ಕಥೆ ಹಾಡುವಾಗ ಸದ್ದು ಬರುವುದು ಹಲವು ದಿಕ್ಕಿನಿಂದಲೇ. ಈ ಜನಪದ ಕಾವ್ಯಗಳನ್ನು ಇಂದು ಹೊಸದಾಗಿ ಮುದ್ರಿಸುವವರು ಪ್ರತಿ ದನಿಗೂ ಒಂದು ಮೈಕ್ ಇಟ್ಟು ಸರೌಂಡ್‌ಗೆ ಕಟ್ಟಿದರೆ, ಒತ್ತದೆಯೇ ಎಲ್ಲವೂ ಕೇಳುವಂತೆ ಮಾಡಬಹುದು.

ಆದರೆ ಮೋನೋ ಚಿತ್ರಗೀತೆಯಲ್ಲಿ ಈ ವಾದ ತಿರುಗಿ ಬೀಳುತ್ತದೆ. ಕಂಪ್ಯೂಟರ್ ಬಿಡಿಸಿ ಕೊಟ್ಟ ದನಿಯಲ್ಲಿ ಪಿಟೀಲಿನ ಚೂರು ಅಂಟಿರುತ್ತದೆ, ಪಿಟೀಲಿನಲ್ಲಿ ದನಿಯ ನೆರಳು ಇರುತ್ತದೆ. ಒಟ್ಟಿಗಿದ್ದಾಗ ಒಂದರ ಕುಂದನ್ನು ಇನ್ನೊಂದು ಮುಚ್ಚಿಕೊಂಡಿತ್ತು. ಬೇರೆ ಬೇರೆ ಸ್ಪೀಕರಿಗೆ ಹಂಚಿದ ಕೂಡಲೇ ಕುಂದುಗಳೂ ಬಯಲಿಗೆ ಬರುತ್ತವೆ. ಅದನ್ನು ಮರೆಮಾಚಲು ಮಾರ್ದನಿ ಸೇರಿಸಬೇಕು, ಮಟ್ಟ ಸಮ ಮಾಡಬೇಕು, ಅಂದರೆ ಮತ್ತೆ ಒತ್ತಬೇಕು. ಒತ್ತುವುದನ್ನು ತಪ್ಪಿಸಲು ಬಂದ ಜಾಗವೇ ಹೊಸದಾಗಿ ಒತ್ತಲು ಕಾರಣವಾಗುತ್ತದೆ. ಮಲ್ಟಿಟ್ರ್ಯಾಕ್ ಟೇಪು ಉಳಿದಿರುವ ಇಂಗ್ಲಿಷ್ ಆಲ್ಬಮ್ಮುಗಳ ಅನುಭವವನ್ನು ನಮ್ಮ ಹಾಡುಗಳಿಗೆ ಹಾಗೆಯೇ ಅನ್ವಯಿಸಬಾರದು ಎಂದು ನಾನು ಹೇಳುವುದು ಇದಕ್ಕೇ.

ನಾಲ್ಕನೆಯ ಪಂಥ: ಕೇಳುವ ಜಾಗವೇ ತೀರ್ಮಾನಿಸಲಿ

ಮೈಸೂರು ಕಡೆಯಿಂದ ಬಂದ ಹೆದ್ದಾರಿ ಗುಂಡ್ಲುಪೇಟೆಯಲ್ಲಿ ಒಡೆದು ಒಂದು ಊಟಿಗೆ, ಇನ್ನೊಂದು ವಯನಾಡಿಗೆ ಹೋಗುತ್ತದೆ. ಹೀಗಾಗಿ ಊರಿನಲ್ಲಿ ಹಾಡು ಕೇಳುವ ಬಹುದೊಡ್ಡ ಜಾಗ ವಾಹನಗಳೇ. ಓಡುವ ಬಸ್ಸಿನೊಳಗಿನ ಸದ್ದು ಸುಲಭವಾಗಿ 70 ಡೆಸಿಬೆಲ್ ದಾಟುತ್ತದೆ. ಅಲ್ಲಿ ಹಾಡಿನ ತುದಿಯನ್ನು 85ಕ್ಕೆ ಇಟ್ಟರೂ, ಅದಕ್ಕಿಂತ 20 ಡೆಸಿಬೆಲ್ ಕೆಳಗಿರುವ ಪಲ್ಲವಿಯ ಮೆಲುದನಿ ಎಂಜಿನ್ನಿನಡಿ ಹೂತುಹೋಗುತ್ತದೆ. ಊರ ಹಬ್ಬಕ್ಕೆ, ಮದುವೆಗೆ ಸೌಂಡ್ ಸರ್ವೀಸಿನವರು ಮರಕ್ಕೆ ಕಟ್ಟುವ ಹಾರ್ನಿನಿಂದ ಬಾಸ್ ಸದ್ದು ಹೊರಬರುವುದೇ ಇಲ್ಲ, ಅಲ್ಲಿ ದನಿ ನಡುಮಟ್ಟದಲ್ಲಿ ಗಟ್ಟಿಯಾಗಿ ನಿಲ್ಲಬೇಕು. ಮನೆಯಲ್ಲಿ ರಾತ್ರಿ ಮಗು ಮಲಗಿದ್ದಾಗ ಟಿ.ವಿ. ನೋಡುವವರು ಮಾತಿಗೆ ವಾಲ್ಯೂಮ್ ಏರಿಸುತ್ತಾರೆ, ಹಾಡಿಗೆ ಇಳಿಸುತ್ತಾರೆ. ಇಂಥವರಿಗೆಲ್ಲ ಒತ್ತುವಿಕೆ ಉಪಕಾರಿ. ಅವರಿಗೆ ಏರಿಳಿತದ ಪಾಠ ಹೇಳುವುದು ನ್ಯಾಯವಲ್ಲ.

ಚಿತ್ರಮಂದಿರದ ಕಥೆ ಬೇರೆ. ಅಲ್ಲಿ ಒಂದು ಅಳತೆಗೋಲಿದೆ. ಡಾಲ್ಬಿ ಪೆಟ್ಟಿಗೆಯ ವಾಲ್ಯೂಮ್ 7ರಲ್ಲಿದ್ದಾಗ ಮೈನಸ್ 20 ಡೆಸಿಬೆಲ್‌ನ ಪರೀಕ್ಷಾ ಸದ್ದು ಪ್ರೇಕ್ಷಕನ ಕುರ್ಚಿಯಲ್ಲಿ 85 ಡೆಸಿಬೆಲ್ ಆಗಿ ಕೇಳಬೇಕು. ತುದಿಗೆ ಇನ್ನೂ 20 ಡೆಸಿಬೆಲ್ ಜಾಗ ಮೇಲೆ ಉಳಿದಿರುತ್ತದೆ. ಚಿತ್ರ ಅತಿ ಜೋರಾಗಿ ಬಂದರೆ ಜನ ಗೊಣಗುತ್ತಾರೆ, ಆಪರೇಟರ್ 7ನ್ನು 5ಕ್ಕೆ ಇಳಿಸುತ್ತಾನೆ, ಆಗ ಮೆಲುದನಿಯೂ ಅದರೊಡನೆ ಇಳಿದು ಕಳೆದುಹೋಗುತ್ತದೆ. ಅತಿಯಾಗಿ ಒತ್ತಿ ಜೋರು ಮಾಡಿದವರ ಶ್ರಮ ಹೀಗೆ ಅವರಿಗೇ ತಿರುಗುಬಾಣವಾಗುತ್ತದೆ.

ಈ ಪಂಥದ ಒಳ್ಳೆಯ ಕೊಡುಗೆ ಒಂದಿದೆ: ಒತ್ತುವ ಕೆಲಸವನ್ನು ಕೇಳುವ ಯಂತ್ರಕ್ಕೆ ಬಿಡುವುದು. ಡಾಲ್ಬಿ ಡಿಜಿಟಲ್‌ನಲ್ಲಿ ಧ್ವನಿಯ ಜೊತೆಗೇ ‘ಬೇಕಿದ್ದರೆ ಇಷ್ಟು ಒತ್ತು’ ಎಂಬ ಸೂಚನೆ ಅಡಗಿರುತ್ತದೆ. ಟಿ.ವಿ.ಯ, ಸೌಂಡ್‌ಬಾರಿನ ನೈಟ್ ಮೋಡ್ ಮಾಡುವುದು ಈ ಬಗೆಯ ಕೆಲಸವನ್ನೇ. ಮೂಲದಲ್ಲಿ ಒತ್ತಿದ್ದನ್ನು ಯಾರಿಂದಲೂ ಬಿಡಿಸಲಾಗದು. ಒತ್ತದೆ ಬಿಟ್ಟದ್ದನ್ನು ಯಾರು ಬೇಕಾದರೂ ತಮ್ಮ ಮನೆಯಲ್ಲಿ ಒತ್ತಿಕೊಳ್ಳಬಹುದು. ನಾಲ್ಕೂ ಪಂಥಗಳನ್ನು ತೂಗಿ ನೋಡಿದ ಮೇಲೆ ನನಗೆ ಸರಿ ಕಂಡ ನಿಲುವು ಇದು.

ಅಂಕಿಗಳ ಜಗಳ

ಎಷ್ಟು ಒತ್ತಿದ್ದಾರೆ ಎಂದು ಅಳೆಯುವುದು ಹೇಗೆ? ಲೌಡ್‌ನೆಸ್ ವಾರ್ ವಿರೋಧಿಗಳು ಬಳಸುವ ಡಿ.ಆರ್. ಮೀಟರ್ ಹಾಡಿನ ತುದಿಗೂ ಜೋರು ಭಾಗದ ಸರಾಸರಿಗೂ ಇರುವ ಅಂತರವನ್ನು ಒಂದೇ ಅಂಕಿಯಲ್ಲಿ ಕೊಡುತ್ತದೆ. ಸ್ಟೀರಿಯೋಗೆ ಅನುಕೂಲವಾದ ಆ ಅಂಕಿ ಸರೌಂಡ್‌ನಲ್ಲಿ ಎಡವುತ್ತದೆ. ಹಿಂದಿನ ಚಾನೆಲ್‌ಗಳಲ್ಲಿ ಅಲ್ಲೊಂದು ಇಲ್ಲೊಂದು ತಾಳ ಮಾತ್ರ ಇದ್ದರೆ ಸರಾಸರಿ ಅಂಕಿ ಹಿಗ್ಗುತ್ತದೆ, ಮುಂದಿನ ದನಿಯನ್ನು ಎಷ್ಟೇ ಹಿಂಡಿದ್ದರೂ ಅದು ಮರೆಯಾಗುತ್ತದೆ.

ಇನ್ನೊಂದು ಅಳತೆ 2006ರಲ್ಲಿ ಬಂದ ಬಿ.ಎಸ್. 1770 ಮಾನದಂಡದ್ದು. ಕಿವಿಗೆ ಎಷ್ಟು ಜೋರು ಅನ್ನಿಸುತ್ತದೆ ಎಂಬುದನ್ನು ಅದು ಎಲ್‌ಯುಎಫ್‌ಎಸ್ ಎಂಬ ಮಾನದಲ್ಲಿ ಹೇಳುತ್ತದೆ. ಯುರೋಪಿನ ಪ್ರಸಾರಕರು 2010ರಲ್ಲಿ ಮೈನಸ್ 23ನ್ನು ಒಪ್ಪಿಕೊಂಡರು. ಡಾಲ್ಬಿ ಅಟ್ಮೋಸ್ ಸಂಗೀತಕ್ಕೆ ಮೈನಸ್ 18ರ ಮಿತಿ ಇದೆ. ಸ್ಪಾಟಿಫೈ ಸಾಮಾನ್ಯವಾಗಿ ಮೈನಸ್ 14ಕ್ಕೆ ಹೊಂದಿಸುತ್ತದೆ. ಅತಿ ಒತ್ತಿದ ಹಾಡನ್ನು ಈ ಸೇವೆಗಳು ತಾವಾಗಿಯೇ ತಗ್ಗಿಸುವುದರಿಂದ ಒತ್ತಿ ಗೆಲ್ಲುವ ಲಾಭ ಕಡಿಮೆಯಾಗಿದೆ. ಆದರೂ ಈ ಅಳತೆ ಬಾಸ್ ಪೆಟ್ಟಿಗೆಯ ಎಲ್‌ಎಫ್‌ಇ ಚಾನೆಲ್ಲನ್ನು ಎಣಿಸುವುದೇ ಇಲ್ಲ. ಹಳೆಯ ಹಾಡಿನ ತಬಲಾದ ಮೆಲ್ಲನೆಯ ಎಡಗೈ ನಾದವನ್ನು ಗುಡುಗಾಗಿ ಮಾಡಿದರೂ ಅಂಕಿ ಕದಲುವುದಿಲ್ಲ. ‘ಸೌಂಡು ಸಂದಾಗದ’ ಎಂಬ ಮೆಚ್ಚುಗೆಯ ಒಂದು ಪಾಲು ಈ ಎಣಿಕೆಗೆ ಸಿಗದ ಗುಡುಗಿಗೆ ಸಲ್ಲುತ್ತದೆ.

ಎಮಾನ್ಯುಯೆಲ್ ಡೆರುಟಿ 2011ರಲ್ಲಿ ತೋರಿಸಿದ ಸಂಗತಿ ಚರ್ಚೆಯನ್ನು ಇನ್ನಷ್ಟು ಸೂಕ್ಷ್ಮಗೊಳಿಸಿತು. ದಶಕಗಳಲ್ಲಿ ಕಡಿಮೆಯಾಗಿದ್ದು ಕ್ಷಣಕ್ಷಣದ ಏಟಿನ ಮೊನೆ. ಪಲ್ಲವಿ ಮೆಲ್ಲಗೆ, ಚರಣ ಜೋರು ಎಂಬಂಥ ದೊಡ್ಡ ಏರಿಳಿತ ಅಷ್ಟಾಗಿ ಕುಗ್ಗಿಲ್ಲ. ‘ಏರಿಳಿತ ಹೋಯಿತು’ ಎಂದು ದೂರುವವರು ಯಾವ ಏರಿಳಿತ ಎಂಬುದನ್ನು ಮೊದಲು ಹೇಳಬೇಕಾಗುತ್ತದೆ.

ಇನ್ನೂ ಇತ್ಯರ್ಥವಾಗದ್ದು

ಮೊದಲನೆಯದು ಹಕ್ಕಿನ ಪ್ರಶ್ನೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 38ಬಿ ವಿಧಿ, ತಮ್ಮ ಪ್ರದರ್ಶನವನ್ನು ಹೆಸರಿಗೆ ಕುಂದು ಬರುವಂತೆ ವಿರೂಪಗೊಳಿಸಿದರೆ ತಡೆಯುವ ಹಕ್ಕನ್ನು ಕಲಾವಿದರಿಗೆ ಕೊಟ್ಟಿದೆ. ಕೇವಲ ತಾಂತ್ರಿಕ ಕಾರಣಕ್ಕೆ ಬೇಕಾದ ಬದಲಾವಣೆಯನ್ನು ಅದೇ ವಿಧಿ ಹೊರಗಿಟ್ಟಿದೆ. ಗಾಯಕನ ಮೆಲುದನಿಯನ್ನು ಎತ್ತಿ ಸಮ ಮಾಡುವುದು ತಾಂತ್ರಿಕ ಹೊಂದಾಣಿಕೆಯೇ, ಕಲೆಗೆ ಬಿದ್ದ ಪೆಟ್ಟೇ? ಇನ್ನೊಂದು ಕಡೆ, ಧ್ವನಿಮುದ್ರಣದ ಹಕ್ಕಿನ ಅವಧಿ ಪ್ರಕಟಣೆಯ ಮರುವರ್ಷದಿಂದ 60 ವರ್ಷ. 1965ರ ಮುದ್ರಣಗಳ ಮೇಲಿನ ಆ ಹಕ್ಕು 2025ರ ಕೊನೆಯವರೆಗೆ ಮಾತ್ರ. ಸಾಹಿತ್ಯ ಮತ್ತು ರಾಗಸಂಯೋಜನೆಯ ಹಕ್ಕು ಬೇರೆಯೇ ಉಳಿದರೂ, ಮುಂದೆ ಹಳೆಯ ಮುದ್ರಣಗಳನ್ನು ಹೊಸ ಸದ್ದಿಗೆ ಕಟ್ಟುವವರು ಹೆಚ್ಚುತ್ತಾರೆ, ಕಾಯುವವರು ಯಾರು ಎಂಬುದು ಗೊತ್ತಿಲ್ಲ.

ಎರಡನೆಯದು, ಕಂಪ್ಯೂಟರ್ ಬಿಡಿಸಿಕೊಟ್ಟ ದನಿ ಎಷ್ಟರ ಮಟ್ಟಿಗೆ ಗಾಯಕನ ದನಿ, ಎಷ್ಟರ ಮಟ್ಟಿಗೆ ಯಂತ್ರದ ಊಹೆ ಎಂಬುದು. ಯಂತ್ರ ತುಂಬಿಕೊಟ್ಟ ಭಾಗಕ್ಕೂ ಒಂದು ಏರಿಳಿತ ಇರುತ್ತದೆ. ಅದನ್ನು ‘ಮೂಲ’ ಎಂದು ಅಳೆಯುವುದರಲ್ಲಿ ಅರ್ಥವಿದೆಯೇ? ಮೂರನೆಯದು, ಇಯರ್‌ಫೋನಿನಲ್ಲಿ ಅಟ್ಮೋಸ್ ಕೇಳುವಾಗ ಎಲ್ಲ ಚಾನೆಲ್‌ಗಳೂ ಮತ್ತೆ ಎರಡಕ್ಕೆ ಇಳಿಯುತ್ತವೆ. ಜಾಗದಿಂದ ಗಳಿಸಿದ ನಿರಾಳ ಅಲ್ಲಿ ಎಷ್ಟು ಉಳಿಯುತ್ತದೆ ಎಂಬ ಬಗ್ಗೆ ತಂತ್ರಜ್ಞರಲ್ಲಿ ಒಮ್ಮತವಿಲ್ಲ. ನಾಲ್ಕನೆಯದು ಕೇಳುಗರ ಕಿವಿಯ ಪ್ರಶ್ನೆ. ಇಲ್ಲಿ ಉಲ್ಲೇಖಿಸಿದ ಅಧ್ಯಯನಗಳು ಪಾಶ್ಚಾತ್ಯ ಸಂಗೀತದ ಮೇಲೆ ನಡೆದವು. ಶ್ರುತಿ, ಗಮಕ, ತಬಲಾಗಳ ನಮ್ಮ ಹಾಡಿನಲ್ಲಿ, ಹಾರ್ನ್ ಸ್ಪೀಕರು ಕೇಳಿ ಬೆಳೆದ ನಮ್ಮ ಊರುಗಳ ಕಿವಿಯಲ್ಲಿ ಆ ಮಿತಿ ಎಲ್ಲಿ ಬೀಳುತ್ತದೆ ಎಂಬುದನ್ನು ಇಲ್ಲಿಯೇ ಪರೀಕ್ಷಿಸಬೇಕು.

ಇವು ತೀರ್ಮಾನವಾಗಲು ಕಾಲ ಬೇಕು. ಅಷ್ಟರೊಳಗೆ ಮಾಡಬಹುದಾದ, ಯಾವ ಪಂಥವೂ ಬೇಡವೆನ್ನಲಾಗದ ಕೆಲಸ ಎರಡಿವೆ. ಹಳೆಯ ಹಾಡನ್ನು ಸರೌಂಡ್‌ಗೆ ತರುವ ಪ್ರತಿಯೊಬ್ಬರೂ ಒತ್ತದ ಮೋನೋ ಪ್ರತಿಯನ್ನು ಅದರ ಜೊತೆಗೇ ಜನರ ಕೈಗೆ ಕೊಡಲಿ. ಯಾವ ಟೇಪಿನಿಂದ ತೆಗೆದರು, ಏನನ್ನು ಹೊಸದಾಗಿ ನುಡಿಸಿದರು, ಏನನ್ನು ಯಂತ್ರದಿಂದ ಬಿಡಿಸಿದರು, ಎಷ್ಟು ಒತ್ತಿದರು ಎಂಬುದನ್ನು ಟೈಟಲ್ ಕಾರ್ಡಿನಲ್ಲೋ ಆಲ್ಬಮ್ಮಿನ ಹೊದಿಕೆಯ ಮೇಲೋ ನಾಲ್ಕು ಸಾಲಿನಲ್ಲಿ ಬರೆಯಲಿ. ಹಾಗಾದರೆ ‘ಸಂದಾಗದ’ ಎನ್ನುವವರ ಮಾತನ್ನೂ ‘ಮೊದ್ಲಂಗಿಲ್ಲ’ ಎನ್ನುವವರ ಮಾತನ್ನೂ ಪಕ್ಕಪಕ್ಕ ಇಟ್ಟು ತೂಗಲು ಮುಂದಿನವರಿಗೆ ಆಧಾರವಾದರೂ ಉಳಿದಿರುತ್ತದೆ.